ನಮ್ಮ ಬಾಲ್ಕನಿಗೆ ಬಿದ್ದ ತಂತಿ

ದೆಹಲಿಯ ಜನಕಪುರಿಯಲ್ಲಿ ನಮ್ಮ ಮೇಲಿನ ಮನೆಯಾಕೆ ಒಂದು ದಿನ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ, "ಬೆಹನ್‌ಜೀ, ಇಷ್ಟು ಸೆಕೆಯಲ್ಲಿ ಯಾಕೆ ಸಾಯ್ತೀರಿ, ಆಪ್ ಭೀ ಕುಂಡಿ ಡಾಲ್ ಲೋ" ಎಂಬರ್ಥದಲ್ಲಿ ಏನೋ ಅಂದಳು. ನನಗೆ ಅರ್ಥವಾದದ್ದು ಆ ಒಂದು ಪದ ಮಾತ್ರ, ಅದೂ ಮೈಸೂರಿನ ಅರ್ಥದಲ್ಲಿ. ಮೈಯೆಲ್ಲ ಉರಿದುಹೋಯಿತು.

ಒಳಗೆ ಬಂದು ಹೇಳಿದರೆ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಮ್ಮಾ, ಕುಂಡಿ ಮತ್ಲಬ್ ಕೊಕ್ಕೆ. ಬೀದಿ ಲೈನಿಗೆ ತಂತಿ ಸಿಗಿಸಿ ಕರೆಂಟ್ ಚೋರಿ ಮಾಡೋದು. ಇಲ್ಲಿ ಎಲ್ಲರೂ ಕರ್ತೇ ಹೈಂ."

ನನ್ನ ಗಂಡ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರು. "ಕದ್ದ ಗಾಳಿ ನಮಗೆ ಬೇಡ ಕಣೇ" ಅಂದರು. ನನಗೂ ಬೇಡವಾಗಿತ್ತು. ಆದರೆ ಅವರು ನಗುತ್ತಾ ಬೇಡವೆಂದರು, ನಾನು ಹಲ್ಲು ಕಡಿಯುತ್ತಾ ಬೇಡವೆಂದೆ. ಮೇಲಿನವರ ಎ.ಸಿ. ಶುರುವಾದೊಡನೆ ನಮ್ಮ ಫ್ಯಾನು ಮುದುಕರ ಹಾಗೆ ತೆವಳುತ್ತಿತ್ತು. ಅದರ ನೀರು ನಾನು ಒಣಹಾಕಿದ ಸೀರೆಗಳ ಮೇಲೆ ತೊಟ್ಟಿಕ್ಕುತ್ತಿತ್ತು. ಮೆಟ್ಟಿಲಲ್ಲಿ ಎದುರಾದರೆ ಆಕೆ ನನ್ನ ಬೆವರು ನೋಡಿ, "ಮದ್ರಾಸಿಗಳಿಗೆ ಗರ್ಮಿ ಆಗೋದೇ ಇಲ್ಲ" ಎಂದು ನಗುತ್ತಿದ್ದಳು. ಉಪ್ಪು ತಿಂದವಳು ನೀರು ಕುಡಿಯಲೇಬೇಕು ಎಂದು ನಾನು ದಿನವೂ ದೇವರಿಗೆ ನೆನಪಿಸುತ್ತಿದ್ದೆ.

ಕೊನೆಗೂ ಒಂದು ಭಾನುವಾರ ಕರೆಂಟ್ ಕಂಪನಿಯವರು ತಪಾಸಣೆಗೆ ಬಂದರು. ಗೇಟಿನ ಬಳಿ ಜೀಪು ಕಂಡದ್ದೇ ತಡ, ಮೇಲಿನಾಕೆ ತಂತಿಯನ್ನು ಎಳೆದು ಕೆಳಗೆ ಎಸೆದಳು. ಅದು ಬಂದು ಬಿದ್ದದ್ದು ನಮ್ಮ ಬಾಲ್ಕನಿಗೆ. ಎತ್ತಿಡುವಷ್ಟರಲ್ಲಿ ಅಧಿಕಾರಿ ಬಾಗಿಲಲ್ಲಿದ್ದ.

"ನಮ್ಮದಲ್ಲ" ಎಂದರು ನನ್ನವರು. ಎಲ್ಲ ಕಳ್ಳರೂ ಹಾಗೇ ಅನ್ನುತ್ತಾರೆಂದ ಅವನು. ಮೇಲಿನಾಕೆ ಮೆಟ್ಟಿಲಲ್ಲಿ ನಿಂತು, "ಇನ್ಹೀಂ ಕೀ ಹೈ ಜೀ, ರೋಜ್ ಲಗಾತೇ ಹೈಂ" ಅಂದಳು. ತಂತಿ ಇವರದೇ, ದಿನಾ ಹಾಕುತ್ತಾರೆ ಎಂದು! ಸುತ್ತ ನೆರೆದವರೆಲ್ಲ ಒಬ್ಬೊಬ್ಬರಾಗಿ ತಮ್ಮ ಮನೆಯೊಳಗೆ ಸರಿದರು. ಎಲ್ಲರ ಮನೆಯಲ್ಲೂ ಒಂದೊಂದು ತಂತಿ ಇತ್ತಲ್ಲ. ಕಳ್ಳತನದ ಕೇಸು ಬಿದ್ದರೆ ನನ್ನವರ ಕೆಲಸ ಹೋದ ಹಾಗೆಯೇ. ಅವರು ಇನ್ನೊಬ್ಬರಿಗೆ ಕೈಮುಗಿದು ಬೇಡಿದ್ದನ್ನು ನಾನು ಮೊದಲ ಸಲ ನೋಡಿದ್ದು ಅಂದೇ. ಆ ಕೈ ನೋಡಿದ ಮೇಲೆ ಅವಳನ್ನು ಕ್ಷಮಿಸುವ ಮಾತೇ ಇರಲಿಲ್ಲ.

ಆಗ ಮೇಲಿನಿಂದ ಒಂದು ಒಣಗಿದ ದನಿ ಕೇಳಿಸಿತು. ಆಕೆಯ ಅತ್ತೆ ಕಟಕಟೆ ಹಿಡಿದು ಬಗ್ಗಿದ್ದರು. "ತಾರ್ ಸಾಡೀ ಹೈ, ಪುತ್ತರ್. ಊಪರ್ ಆ ಕೇ ದೇಖ್ ಲೈ." ತಂತಿ ನಮ್ಮದಪ್ಪಾ, ಮೇಲೆ ಬಂದು ನೋಡು.

ಕಂಪನಿಯವರು ಹೋಗಿ ನೋಡಿದರು. ಮೇಲಿನ ಮನೆಗೆ ದಂಡ ಬಿತ್ತು, ಲೈನೂ ಕತ್ತರಿಸಿದರು. ಸೊಸೆ ಅತ್ತೆಯೊಡನೆ ಮಾತು ಬಿಟ್ಟಳು. ತಾರಸಿಯ ಕೆಳಗಿನ ಆ ಕಾದ ಮನೆಯಲ್ಲಿ ಮುದುಕಿಗೆ ಉಸಿರು ಕಟ್ಟುತ್ತಿತ್ತು. ನಾನೇ ಹೋಗಿ ಕೈಹಿಡಿದು ಕರೆತಂದು, ನಮ್ಮ ಫ್ಯಾನಿನ ಕೆಳಗೆ ಮಲಗಿಸಿ, ಮಜ್ಜಿಗೆ ಕೊಟ್ಟೆ. ಅಂದಿನಿಂದ ಅವರ ಹಗಲೆಲ್ಲ ನಮ್ಮಲ್ಲೇ ಕಳೆಯಿತು. ಸಂಜೆ ಅವರನ್ನು ಕರೆದೊಯ್ಯಲು ಸೊಸೆ ನನ್ನ ಬಾಗಿಲಿಗೆ ಬರಲೇಬೇಕಿತ್ತು. ಬರಲಿ ಎಂದೇ ನಾನು ಕಾಯುತ್ತಿದ್ದೆ.

ಬಂದರೆ ಕೂರಿಸುತ್ತಿದ್ದೆ, ಚಹಾ ಕೊಡುತ್ತಿದ್ದೆ. ಹೊರಡುವಾಗ ಕುಂಕುಮ ಮಾತ್ರ ಕೊಡುತ್ತಿರಲಿಲ್ಲ. ದೇವರ ಗೂಡಿನಲ್ಲಿ ಭರಣಿ ಅವಳ ಕಣ್ಣೆದುರೇ ಇರುತ್ತಿತ್ತು. ಮುತ್ತೈದೆಯನ್ನು ಬರಿಹಣೆಯಲ್ಲಿ ಕಳಿಸುವುದಕ್ಕಿಂತ ದೊಡ್ಡ ಅವಮಾನ ನಮ್ಮ ಊರಲ್ಲಿ ಇನ್ನೊಂದಿಲ್ಲ. ಒಂದು ವಾರ ಹೀಗೆ ಸೇಡು ತೀರಿಸಿಕೊಂಡು ಹಾಯಾಗಿ ನಿದ್ದೆ ಮಾಡಿದೆ.

"ಅಮ್ಮಾ, ಆಂಟಿಗೆ ಈ ಕುಂಕುಮದ ಪದ್ಧತಿ ಪತಾ ಭೀ ನಹೀಂ, ಗೊತ್ತೇ ಇಲ್ಲ" ಎಂದು ಮಗಳು ನಕ್ಕಳು. "ಸಾಕು ಬಿಡೇ" ಎಂದರು ನನ್ನವರು.

ಮರುದಿನ ಸಂಜೆ ಅವಳು ಹೊರಟಾಗ ತಡೆದು ನಿಲ್ಲಿಸಿ, ಭರಣಿ ತೋರಿಸಿ, ನನ್ನ ಹರಕುಮುರುಕು ಹಿಂದಿಯಲ್ಲಿ ಬಿಡಿಸಿ ಹೇಳಿದೆ: ಮನೆಗೆ ಬಂದ ಹೆಂಗಸಿಗೆ ನಾವು ಇದನ್ನು ಕೊಟ್ಟು ಕಳಿಸುತ್ತೇವೆ, ನಿಮಗೆ ಕೊಡುವುದಿಲ್ಲ. ಅವಳ ಮುಖ ಕಪ್ಪಿಟ್ಟಿತು. ನಾನು ಬಾಗಿಲು ಹಾಕಿಕೊಂಡೆ.