ಕುದುರೆಗೆ ಚುಚ್ಚಿದಂತೆ ಕಂಡರೆ ಸಾಕಿತ್ತು

ವಯಸ್ಸಾದಂತೆ ಸಿಟ್ಟು ತಣ್ಣಗಾಗುತ್ತದೆ ಎನ್ನುವವರನ್ನು ನಾನು ನಂಬುವುದಿಲ್ಲ. ನನ್ನದು ಆಗಿಲ್ಲ. ಪುಣೆಯಲ್ಲಿ ಕುದುರೆ ಡಾಕ್ಟರನಾಗಿ ಕಳೆದ ವರ್ಷಗಳಲ್ಲಿ ಒದೆಸಿಕೊಂಡಿದ್ದೇನೆ, ಕಚ್ಚಿಸಿಕೊಂಡಿದ್ದೇನೆ; ಎಡಗೈಯ ಒಂದು ಬೆರಳು ಇಂದಿಗೂ ಸರಿಯಾಗಿ ಮಡಚುವುದಿಲ್ಲ. ಹಾಗೆ ಮಾಡಿದ ಯಾವ ಕುದುರೆಯ ಮೇಲೂ ನನಗೆ ಸಿಟ್ಟಿಲ್ಲ. ನನ್ನ ಸಿಟ್ಟೆಲ್ಲ ಒಬ್ಬ ಮ್ಯಾನೇಜರನ ಮೇಲೆ. ಅವನು ನನ್ನ ಕಡೆಯವನೇ, ಧಾರವಾಡದವನು. ನನಗೆ ಕೆಲಸ ಕೊಡಿಸಿದವನೂ ಅವನೇ.

ಅದು ಎರಡನೆಯ ಮಹಾಯುದ್ಧದ ಕಾಲ. ಕೊಂಢವಾ ಆಗ ಇನ್ನೂ ಹಳ್ಳಿ. ಪುಣೆಯಿಂದ ಅಲ್ಲಿಗೆ ಹೋಗುವ ದಾರಿಯಲ್ಲಿ, ದಂಡಿನವರ ಕ್ಯಾಂಪಿನ ಆಚೆ, ಒಬ್ಬ ದೊಡ್ಡ ಕುದುರೆ ವ್ಯಾಪಾರಿಯ ಲಾಯವಿತ್ತು. ಕಾಠೇವಾಡದಿಂದ, ಭೀಮಾ ನದಿಯ ದಂಡೆಯ ಊರುಗಳಿಂದ ಕುದುರೆಗಳನ್ನು ತರಿಸಿ, ತಿದ್ದಿ ತೀಡಿ, ಉತ್ತರದ ಸಂಸ್ಥಾನಗಳಿಗೆ ಮಾರುವುದು ಅವರ ವ್ಯಾಪಾರ. ಮುಂಬಯಿಯಲ್ಲಿ ಪಶುವೈದ್ಯ ಕಲಿತು ಬಂದ ಬೆಳಗಾವಿ ಕಡೆಯ ನನ್ನನ್ನು ಅಲ್ಲಿಗೆ ಡಾಕ್ಟರನಾಗಿ ಸೇರಿಸಿಕೊಂಡರು. ಮಾಲೀಕರು ಲಾಯದ ಕಡೆ ಹಾಯುತ್ತಿರಲಿಲ್ಲ. ಎಲ್ಲವೂ ಮ್ಯಾನೇಜರನ ಕೈಯಲ್ಲಿ.

ನಾನೂ ನನ್ನ ಹೆಂಡತಿಯೂ ಸದಾಶಿವ ಪೇಠದ ಒಂದು ವಾಡೆಯಲ್ಲಿ ಎರಡು ಕೋಣೆ ಹಿಡಿದಿದ್ದೆವು. ನಾನು ಸಂಜೆ ಬಂದರೆ ವಾಡೆಯ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದರು. ಹೆಂಡತಿ ಅಂಗಳದ ನಲ್ಲಿಯ ಬಳಿಯೇ ನಿಲ್ಲಿಸಿ, ತಲೆಯ ಮೇಲೆ ನೀರು ಸುರಿದು, ಆಮೇಲೆ ಒಳಗೆ ಬಿಡುತ್ತಿದ್ದಳು.

ಆ ಬೇಸಿಗೆಯಲ್ಲಿ ಉತ್ತರದ ಒಂದು ಸಂಸ್ಥಾನಕ್ಕೆ ಕುದುರೆಗಳ ದೊಡ್ಡ ತಂಡ ಹೋಗುವುದಿತ್ತು. ರೈಲಿನಲ್ಲಿ ದಿನಗಟ್ಟಲೆ ಪ್ರಯಾಣ. ಬೇರೆ ಬೇರೆ ಊರಿನ ಕುದುರೆಗಳನ್ನು ಒಂದೇ ವ್ಯಾಗನ್ನಿನಲ್ಲಿ ಮೈಗೆ ಮೈ ಹತ್ತಿಸಿ ನಿಲ್ಲಿಸುತ್ತಾರೆ, ಒಂದೇ ಬಕೆಟ್ಟಿನಲ್ಲಿ ನೀರು ಕುಡಿಸುತ್ತಾರೆ. ಒಂದಕ್ಕೆ ಗಂಟಲುಬಾವು ಇದ್ದರೆ ಸಾಕು, ಇಳಿಯುವ ಹೊತ್ತಿಗೆ ಎಲ್ಲಕ್ಕೂ ಅಂಟಿರುತ್ತದೆ. ಮೊದಲು ಜ್ವರ, ಮೂಗಿನಿಂದ ಕೀವು, ಆಮೇಲೆ ದವಡೆಯ ಕೆಳಗೆ ಗಡ್ಡೆ. ಕುದುರೆ ಕುತ್ತಿಗೆ ಮುಂದೆ ಚಾಚಿ ಉಸಿರಿಗಾಗಿ ಒದ್ದಾಡುತ್ತದೆ. ಅದನ್ನು ಒಮ್ಮೆ ಕಂಡವನು ಲಸಿಕೆಯ ವಿಷಯದಲ್ಲಿ ಹುಡುಗಾಟ ಆಡುವುದಿಲ್ಲ.

ಲಸಿಕೆಯನ್ನು ಎರಡು ಸಲ ಹಾಕಬೇಕು, ನಡುವೆ ಕೆಲವು ದಿನ ಬಿಡಬೇಕು, ಆಮೇಲೆ ಒಂದು ರಾತ್ರಿಯಾದರೂ ವಿಶ್ರಾಂತಿ ಕೊಟ್ಟು ರೈಲು ಹತ್ತಿಸಬೇಕು. ಮೊದಲ ಸಲದ್ದು ಮುಗಿದಿತ್ತು. ಎರಡನೆಯ ಸಲಕ್ಕೆ ಬೇಕಾದ ಬಾಟಲಿಗಳು ಮುಂಬಯಿಯಿಂದ, ಹೊಟ್ಟು ಮತ್ತು ಬರ್ಫ, ಅಂದರೆ ಮಂಜುಗಡ್ಡೆ, ತುಂಬಿದ ಮರದ ಪೆಟ್ಟಿಗೆಯಲ್ಲಿ ಬಂದವು. ನಾನೇ ಸ್ಟೇಶನ್ನಿಗೆ ಹೋಗಿ ತಂದೆ. ಲಾಯದ ಕಚೇರಿಯ ಹಿಂದೆ ಒಂದು ತಂಪು ಕೋಣೆಯಿತ್ತು. ಅಲ್ಲಿ ತಗಡಿನ ಪೆಟ್ಟಿಗೆಗೆ ಹೊಸ ಬರ್ಫ ತುಂಬಿಸಿ, ಬಾಟಲಿಗಳನ್ನು ಅದರೊಳಗೆ ಹುಗಿದು, ಮ್ಯಾನೇಜರನಿಗೆ ತೋರಿಸಿ ಹೇಳಿದೆ:

"ಇದನ್ನ ಯಾರೂ ಮುಟ್ಟಬಾರದು ನೋಡ್ರಿ. ಬಿಸಿಲು ತಾಕಿದ್ರ ಎಲ್ಲಾ ಹಾಳಾಗ್ತದ."

"ನನಗ ಹೇಳ್ತೀರಲ್ರೀ," ಎಂದು ಅವನು ನಕ್ಕ. "ನಾ ಏನು ಇವತ್ತ ಲಾಯಕ್ಕ ಬಂದಾಂವ ಏನು? ನೀವು ತಳೇಗಾಂವಕ್ಕ ಹೋಗಿ ಬರ್ರಿ, ಮಾಲಕರ ಬೀಗರ ಮನ್ಯಾಗ ಎತ್ತಿಗೆ ಆರಾಮಿಲ್ಲಂತ."

ಹೋದೆ. ತಳೇಗಾಂವ ದಾಭಾಡೆಯಲ್ಲಿ ಆ ಎತ್ತಿನ ಉಬ್ಬಿದ ಹೊಟ್ಟೆ ಇಳಿಸಲು ಒಂದು ದಿನವೇ ಹಿಡಿಯಿತು. ರಾತ್ರಿ ಅಲ್ಲಿಯೇ ಉಳಿದು ಮರುದಿನ ಲಾಯಕ್ಕೆ ಬಂದಾಗ ಬಿಸಿಲು ಏರಿತ್ತು. ಅಂಗಳದಲ್ಲಿ ಹರಡಿದ ಕುರ್ಚಿಗಳು, ಮೇಜಿನ ಮೇಲೆ ಗ್ಲಾಸುಗಳು, ನೆಲದ ಮೇಲೆ ಸಿಗಾರಿನ ತುಂಡುಗಳು. ಕುದುರೆಗಳನ್ನು ಒಯ್ಯಲು ಬಂದ ಸಂಸ್ಥಾನದ ಏಜೆಂಟನಿಗೆ, ಅವನ ಜೊತೆಗೆ ಕ್ಯಾಂಪಿನ ಕೆಲವು ಅಧಿಕಾರಿಗಳಿಗೆ, ಮ್ಯಾನೇಜರ ರಾತ್ರಿ ಔತಣ ಕೊಟ್ಟಿದ್ದ. ನಾನು ನೇರ ತಂಪು ಕೋಣೆಗೆ ಓಡಿದೆ. ತಗಡಿನ ಪೆಟ್ಟಿಗೆ ಬಾಯಿ ತೆರೆದು ಬಿದ್ದಿತ್ತು, ಒಳಗೆ ಒಂದು ಚೂರೂ ಬರ್ಫ ಇರಲಿಲ್ಲ. ಎಲ್ಲವೂ ಆ ಗ್ಲಾಸುಗಳಿಗೆ ಹೋಗಿತ್ತು. ಬಾಟಲಿಗಳನ್ನು ಕಿಟಕಿಯ ಕಟ್ಟೆಯ ಮೇಲೆ, ಬಿಸಿಲಿಗೆ ಎದುರಾಗಿ, ಒಪ್ಪವಾಗಿ ಸಾಲು ಹಿಡಿಸಿ ಇಟ್ಟಿದ್ದರು. ಕೈಗೆತ್ತಿಕೊಂಡರೆ ಚಹಾದ ಕಪ್ಪಿನಂತೆ ಬಿಸಿ.

ಮ್ಯಾನೇಜರ ಬಾಗಿಲಲ್ಲಿ ನಿಂತಿದ್ದ. "ಯಾಕ್ರೀ, ಮಾರಿ ಹಂಗ್ಯಾಕ ಮಾಡೀರಿ? ಎಲ್ಲಾ ಇದ್ದಂಗ ಅವ. ಒಂದೂ ಒಡದಿಲ್ಲ."

"ಇವು ಸತ್ತಾವ್ರೀ. ಇದು ಈಗ ಔಷಧ ಅಲ್ಲ, ಕದಡಿದ ನೀರು. ಚುಚ್ಚಿದ್ರ ಮೈಯಾಗ ನಂಜು ಆಗ್ತದ."

"ನೀರಾದ್ರ ನೀರು. ಇವತ್ತ ಮಧ್ಯಾಹ್ನ ಏಜಂಟ ಮುಂದ ನಿಂತು ನೋಡ್ತಾನ. ಸೂಜಿ ಒಳಗ ಹೋಗಿದ್ದು ಅವನ ಕಣ್ಣಿಗೆ ಕಂಡ್ರ ಸಾಕು."

ಮುಂಬಯಿಯಿಂದ ಹೊಸದು ತರಿಸೋಣ, ಪ್ರಯಾಣ ಸ್ವಲ್ಪ ಮುಂದೆ ಹಾಕಿಸಿ ಎಂದು ಕೇಳಿಕೊಂಡೆ. ವ್ಯಾಗನ್ನು ಸಿಗುವುದೇ ಕಷ್ಟವಾದ ಕಾಲ, ಸಿಕ್ಕಿದ್ದನ್ನು ಬಿಡಲಾಗದು ಎಂದ. ಆಮೇಲೆ ದನಿ ತಗ್ಗಿಸಿ, ಹೆಗಲ ಮೇಲೆ ಕೈಯಿಟ್ಟು, "ನಮ್ಮ ಕಡ್ಯಾವ್ರು ಅಂತ ನಿಮ್ಮನ್ನ ಇಲ್ಲಿ ತಂದು ಕೂಡ್ಸೀನಿ. ನನ್ನ ಮರ್ಯಾದಿ ಕಳೀಬ್ಯಾಡ್ರಿ," ಎಂದ. ಆ ಕೈಯನ್ನು ಕಿತ್ತು ಹಾಕಿದೆ.

ಮಾಲೀಕರ ಬಂಗಲೆಗೆ ಸೈಕಲ್ ಹೊಡೆದೆ. ಅವರು ವರಾಂಡದಲ್ಲಿ ಕೂಡಿಸಿ ಶರಬತ್ತು ಕೊಟ್ಟರು. ನನ್ನ ಮಾತನ್ನು ಪೂರ್ತಿ ಕೇಳಿ, ಇಂಥದ್ದನ್ನೆಲ್ಲ ಮ್ಯಾನೇಜರೇ ನೋಡಿಕೊಳ್ಳುತ್ತಾರೆ ಎಂದರು. ಶರಬತ್ತನ್ನು ಹಾಗೆಯೇ ಬಿಟ್ಟು ಎದ್ದುಬಂದೆ.

ಮಧ್ಯಾಹ್ನ ಅಂಗಳದಲ್ಲಿ ಕುದುರೆಗಳನ್ನು ಸಾಲಾಗಿ ನಿಲ್ಲಿಸಿದ್ದರು. ಮೊದಲನೆಯದು ಬೂದುಬಣ್ಣದ ಒಂದು ಹೆಣ್ಣುಕುದುರೆ. ಅದನ್ನು ಹಿಡಿದು ನಿಂತಿದ್ದವನು ಅದರ ಆರೈಕೆಯ ಆಳು, ವಿಜಾಪುರ ಕಡೆಯ ವಯಸ್ಸಾದ ಸಾಯಿಸ. ಕುದುರೆಗಳ ಜೊತೆ ವ್ಯಾಗನ್ನಿನಲ್ಲಿ ಹೋಗುವವರಲ್ಲಿ ಅವನೂ ಒಬ್ಬ. ಆ ಕುದುರೆ ಅವನ ಕೈಯಲ್ಲೇ ಪಳಗಿದ್ದು. ಬೇರೆಯವರು ಹಗ್ಗ ಹಿಡಿದರೆ ಕಿವಿ ಹಿಂದಕ್ಕೆ ಮಾಡುತ್ತಿತ್ತು. ನಾನು ಬರಿಗೈಯಲ್ಲಿ ಹತ್ತಿರ ಬಂದದ್ದನ್ನು ಕಂಡು ಅವನು ಮೆಲ್ಲಗೆ ಕೇಳಿದ:

"ಡಾಕ್ಟರ್ ಸಾಹೇಬ್ರ, ಮಂದಿ ಏನೇನೋ ಮಾತಾಡಾಕ ಹತ್ಯಾರ. ಬಾಟ್ಲಿಯಾಗ ಔಷಧ ಐತೋ ಇಲ್ಲೋ?"

"ಇಲ್ಲಪ್ಪಾ," ಎಂದೆ.

ಏಜೆಂಟ ಕುರ್ಚಿಯಲ್ಲಿ ಕಾಲು ಚಾಚಿ ಕುಳಿತಿದ್ದ. ಅವನನ್ನು ಮ್ಯಾನೇಜರ ಮೋಸಗೊಳಿಸುತ್ತಿದ್ದಾನೆ, ನಿಜ ತಿಳಿದರೆ ಅವನೇ ನಿಲ್ಲಿಸುತ್ತಾನೆ ಎಂಬ ಭರವಸೆ ನನಗಿತ್ತು. ಅವನ ಮುಂದೆ ಹೋಗಿ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದೆ: ಬರ್ಫ ಎಲ್ಲಿಗೆ ಹೋಯಿತು, ಲಸಿಕೆ ಏನಾಯಿತು, ದಾರಿಯಲ್ಲಿ ಏನಾಗಬಹುದು. ಅವನು ಸಾವಧಾನವಾಗಿ ಕೇಳಿದ. ಕೇಳಿ, ತನ್ನ ಕೈಗಡಿಯಾರ ನೋಡಿಕೊಂಡು, "ಡಾಕ್ಟರ್, ಕುದುರೆಗಳಿಗೆ ಲಸಿಕೆ ಹಾಕಿದ್ದನ್ನು ನಾನು ಕಣ್ಣಾರೆ ಕಂಡೆ ಎಂದು ದರ್ಬಾರಿನಲ್ಲಿ ಹೇಳಬೇಕು. ನಿಮ್ಮ ಕೆಲಸ ಅಷ್ಟೇ. ಬೇಗ ಮುಗಿಸಿ," ಎಂದ.

ಅವನಿಗೂ ಎಲ್ಲ ಗೊತ್ತಿತ್ತು. ಆ ಬರ್ಫ ಎಲ್ಲಿಂದ ಬಂತೆಂದು ತಿಳಿದೇ ಕುಡಿದಿದ್ದ.

ಕಲ್ಲಿನ ನೀರುತೊಟ್ಟಿಯ ಪಕ್ಕದಲ್ಲಿ ಬಾಟಲಿಗಳ ತಟ್ಟೆ ಇತ್ತು. ಒಂದನ್ನು ಎತ್ತಿ ತೊಟ್ಟಿಯ ಅಂಚಿಗೆ ಅಪ್ಪಳಿಸಿದೆ. ಇನ್ನೊಂದನ್ನು ಎತ್ತಿದೆ. ಮ್ಯಾನೇಜರ ಓಡಿಬಂದು ನನ್ನ ಅಂಗಿ ಹಿಡಿದ, ಅಂಗಿ ಹರಿಯಿತು, ನಾನು ನಿಲ್ಲಲಿಲ್ಲ. ಕೊನೆಯದು ಒಡೆಯುವ ಹೊತ್ತಿಗೆ ನನ್ನ ಅಂಗೈ ಕೊಯ್ದು ರಕ್ತ ಸುರಿಯುತ್ತಿತ್ತು. ಸಾಯಿಸರು ಗಾಜು ತುಳಿಯದಂತೆ ಕುದುರೆಗಳನ್ನು ಹಿಂದಕ್ಕೆ ಸರಿಸುತ್ತಿದ್ದರು. ಅವರಾಗಿಯೇ, ಯಾರೂ ಹೇಳದೆ, ಒಳಗೆ ಕರೆದುಕೊಂಡು ಹೋದರು. ಇನ್ನು ಕುದುರೆಗಳು ಹೋಗಲಾರವು, ಮುಂಬಯಿಗೆ ತಂತಿ ಕಳಿಸಲೇಬೇಕು ಎಂದುಕೊಂಡೆ. "ಇನ್ನ ಮ್ಯಾಲೆ ಪುಣೇದಾಗ ನೀ ಕತ್ತೀಗೂ ಔಷಧ ಹಾಕೂದಿಲ್ಲ," ಎಂದು ಮ್ಯಾನೇಜರ ನನ್ನನ್ನು ಗೇಟಿನ ಹೊರಗೆ ಹಾಕಿಸಿದ.

ತಂತಿ ಯಾರು ಕಳಿಸುತ್ತಾರೆ? ಸಂಜೆಯೊಳಗೆ ಕ್ಯಾಂಪಿನಿಂದ ಯಾವನೋ ಕಂಪೌಂಡರನನ್ನು ಕರೆಸಿ, ಮೊದಲ ಸಲದ ಖಾಲಿ ಬಾಟಲಿಗಳಲ್ಲಿ ನಲ್ಲಿಯ ನೀರು ತುಂಬಿ, ಒಂದೇ ಸೂಜಿಯಲ್ಲಿ ಎಲ್ಲ ಕುದುರೆಗಳಿಗೂ ಚುಚ್ಚಿಸಿದರಂತೆ. ಏಜೆಂಟ ಕೊನೆಯತನಕ ಕುಳಿತು ನೋಡಿದನಂತೆ. ಇದನ್ನು ನನಗೆ ಹೇಳಲು ಆ ವಯಸ್ಸಾದ ಸಾಯಿಸ ಮರುದಿನ ಬೆಳಿಗ್ಗೆ, ಕುದುರೆಗಳನ್ನು ರೈಲು ಹತ್ತಿಸುವ ಮೊದಲು, ನಮ್ಮ ವಾಡೆಗೆ ನಡೆದುಕೊಂಡು ಬಂದಿದ್ದ. ನಾನು ಅಂಗಳದಲ್ಲಿ ನಿಂತು ಬಾಯಿಗೆ ಬಂದ ಬೈಗುಳಗಳನ್ನೆಲ್ಲ ಬೈದೆ. ಸಂಭಾವಿತರ ವಾಡೆ ಅದು. ಅಂಥ ಮಾತುಗಳನ್ನು ಹಿಂದೆ ಕೇಳಿರಲಿಕ್ಕಿಲ್ಲ.

"ನೀನಾದ್ರೂ ಹೋಗಬ್ಯಾಡ," ಎಂದೆ ಅವನಿಗೆ.

"ಕುದುರಿ ಹೊಂಟೈತಲ್ರೀ," ಎಂದ ಅವನು. "ನಾ ಹೋಗಲಿಲ್ಲಂದ್ರ ಅದಕ್ಕ ನೀರು ಯಾರು ಕೊಡ್ತಾರ?"

ನೀರು ಎಂದೊಡನೆ ನನಗೆ ಹೊಳೆಯಿತು. ಒಂದು ಕುದುರೆ ಬಾಯಿ ಹಾಕಿದ ಬಕೆಟ್ಟಿಗೆ ಇನ್ನೊಂದು ಬಾಯಿ ಹಾಕದಂತೆ ನೋಡಿಕೊಂಡರೆ ರೋಗ ಹರಡುವುದನ್ನು ಅಷ್ಟಾದರೂ ತಡೆಯಬಹುದು. ಆದರೆ ಅಷ್ಟು ಬಕೆಟ್ಟು ಎಲ್ಲಿಂದ ತರುವುದು? ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದ ನನ್ನ ಹೆಂಡತಿ ಒಳಗೆ ಹೋದಳು. ಪಾತ್ರೆಗಳ ಸದ್ದಾಯಿತು. ತವರಿನಿಂದ ಮದುವೆಯಲ್ಲಿ ಬಂದ ಹಿತ್ತಾಳೆಯ ಬಕೆಟ್ಟು, ಕೊಳಗ, ನೀರು ಕಾಯಿಸುವ ಹಂಡೆ, ಎಲ್ಲವನ್ನೂ ತಂದು ಅಂಗಳದಲ್ಲಿ ಇಟ್ಟಳು.

"ಒಯ್ರಿ," ಎಂದಳು.

ವಾಡೆಯ ಒಡತಿ ಮಹಡಿಯಿಂದ ಬಗ್ಗಿ, "ಅಗ ಬಾಈ, ಘೋಡ್ಯಾಂನಾ?" ಎಂದು ಕೂಗಿದಳು. ಕುದುರೆಗಳಿಗೇ ಎಂದು ಹೆಂಡತಿ ಮರಾಠಿಯಲ್ಲಿ ಉತ್ತರಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಆ ಮ್ಯಾನೇಜರ ನಮ್ಮ ಮನ್ಯಾಗ ಎಷ್ಟು ಸಲ ಉಂಡಾನ್ರೀ! ನಾನಽ ಬಡಿಸೀನಿ ಅವಗ," ಎಂದಳು. ಆಕೆಯ ಕಣ್ಣಲ್ಲಿ ನೀರು ಬಂದಿತ್ತು, ದುಃಖಕ್ಕಲ್ಲ.

ಟಾಂಗಾದಲ್ಲಿ ಪಾತ್ರೆ ಹೇರಿಕೊಂಡು ಸ್ಟೇಶನ್ನಿನ ಮಾಲಧಕ್ಕೆಗೆ ಹೋದೆವು. ಸಾಮಾನು ಹೇರುವ ಆ ಕಟ್ಟೆಯ ಮೇಲೆ ಕುದುರೆಗಳನ್ನು ವ್ಯಾಗನ್ನಿಗೆ ಹತ್ತಿಸುತ್ತಿದ್ದರು. ನನ್ನ ಬಳಿಯ ಪಾತ್ರೆಗಳು ಒಂದೇ ವ್ಯಾಗನ್ನಿಗೆ ಸಾಕಾಗುವಷ್ಟಿದ್ದವು. ಸಾಯಿಸನಿಗೆ ಕೊಟ್ಟು, ಯಾವ ಪಾತ್ರೆ ಯಾವ ಕುದುರೆಗೆ ಎಂದು ಸುಣ್ಣದಿಂದ ಗುರುತು ಹಾಕಿಕೊಟ್ಟೆ. ದವಡೆಯ ಕೆಳಗೆ ಹೇಗೆ ಮುಟ್ಟಿ ನೋಡಬೇಕೆಂದು ತೋರಿಸಿದೆ. ಬೂದುಕುದುರೆ ನಮ್ಮ ಹಂಡೆಯನ್ನು ಮೂಸಿ, ಮೂತಿಯಿಂದ ದೂಡಿ, ಆಮೇಲೆ ನೀರು ಕುಡಿಯಿತು. ಮ್ಯಾನೇಜರ ದೂರದಿಂದ ನೋಡುತ್ತಿದ್ದ, ಹತ್ತಿರ ಬರಲಿಲ್ಲ.

ಸಾಯಿಸ ತಿರುಗಿ ಬಂದದ್ದು ಮಳೆಗಾಲ ಮುಗಿದ ಮೇಲೆ. ಮೈ ಇಳಿದುಹೋಗಿತ್ತು. ನಮ್ಮ ಹೊಸ್ತಿಲ ಹೊರಗೆ ಕುಳಿತು ಹೇಳಿದ. ಭುಸಾವಳ ದಾಟಿದ ಮೇಲೆ ಏಜೆಂಟನ ಆಳುಗಳಿದ್ದ ಮುಂದಿನ ವ್ಯಾಗನ್ನಿನಲ್ಲಿ ಗಂಟಲುಬಾವು ಎದ್ದಿತ್ತು. ಅಲ್ಲಿ ಒಂದೇ ಮರಿಗೆಯಲ್ಲಿ ಎಲ್ಲಕ್ಕೂ ನೀರು. ಸತ್ತವುಗಳನ್ನು ದಾರಿಯ ಸ್ಟೇಶನ್ನುಗಳಲ್ಲಿ ಎಳೆದು ಹಾಕುತ್ತ ಹೋದರು. ಇವನ ವ್ಯಾಗನ್ನಿಗೆ ರೋಗ ಬರಲಿಲ್ಲ.

"ಮತ್ತ ನಿನ್ನ ಕುದುರಿ?" ಎಂದೆ.

ಅವನು ತನ್ನ ಕುತ್ತಿಗೆಯ ಪಕ್ಕಕ್ಕೆ ಕೈಯಿಟ್ಟ. "ಆ ಕಂಪೌಂಡರ ಚುಚ್ಚಿದ್ನಲ್ರೀ, ಇಲ್ಲಿ. ಅಲ್ಲೇ ಬಾತು ಕೊಳೀತು. ಮುಟ್ಟಿದ್ರ ಕೈ ಒಳಗ ಹೋಗೂವಷ್ಟು ಕೀವು. ನಿಮ್ಮ ಹಂಡೇದಾಗಿನ ನೀರು ಕುಡ್ಯಾಕ ತಲಿ ಬಗ್ಗಿಸಾಕ ಆಗವಲ್ದು. ಬೊಗಸ್ಯಾಗ ಕುಡಿಸ್ದೆ. ಅಲ್ಲಿ ಇಳಿಸಿದ ದಿನಾನಽ ಗುಂಡು ಹಾಕಿದ್ರು."

ರೋಗದಿಂದ ಉಳಿದ ಕುದುರೆ ಲಸಿಕೆಯ ನಾಟಕದಿಂದ ಸತ್ತಿತ್ತು. ನನ್ನ ಹೆಂಡತಿ ಅವನಿಗೆ ಊಟ ಬಡಿಸಿದಳು. ಅವನು ಎರಡು ತುತ್ತಿಗೆ ಎದ್ದ. ಮತ್ತೆ ಆ ಲಾಯಕ್ಕೆ ಹೋಗಲಿಲ್ಲ, ಊರಿಗೆ ಹೊರಟುಹೋದ.

ನಾನು ಕುಡಿದ ಅಮಲಿನಲ್ಲಿ ಲಸಿಕೆಯನ್ನೆಲ್ಲ ಒಡೆದುಹಾಕಿದೆ, ಅದಕ್ಕೇ ಕುದುರೆಗಳು ಸತ್ತವು ಎಂದು ಮ್ಯಾನೇಜರ ಪುಣೆಯ ಲಾಯಗಳಲ್ಲೆಲ್ಲ ಹಬ್ಬಿಸಿದ. ಚಹಾ ಬಿಟ್ಟು ಬೇರೇನನ್ನೂ ಕುಡಿಯದ ನನ್ನನ್ನು ದೊಡ್ಡ ಲಾಯದವರು ಯಾರೂ ಒಳಗೆ ಬಿಡಲಿಲ್ಲ. ಟಾಂಗಾ ಸ್ಟ್ಯಾಂಡುಗಳಲ್ಲಿ ಬಡಕಲು ಕುದುರೆಗಳ ಗೊರಸು, ಹಲ್ಲು ನೋಡುತ್ತ ಸಂಸಾರ ಸಾಗಿಸಿದೆ. ಟಾಂಗಾದವರು ಬೈಯುತ್ತಿದ್ದರು, ಜಗಳಾಡುತ್ತಿದ್ದರು, ಆದರೆ ಸೂಜಿಯಲ್ಲಿ ಏನಿದೆ ಎಂದು ಕೇಳಿ ತಿಳಿದುಕೊಳ್ಳದೆ ಚುಚ್ಚಲು ಬಿಡುತ್ತಿರಲಿಲ್ಲ.

ಯುದ್ಧ ಮುಗಿದು, ಸ್ವಾತಂತ್ರ್ಯ ಬರುವ ಮಾತು ಎಲ್ಲರ ಬಾಯಲ್ಲಿದ್ದಾಗ, ಪರಿಚಯದ ಕನ್ನಡದ ಮನೆಯೊಂದರ ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ಆ ಮ್ಯಾನೇಜರ ನನ್ನ ಎದುರಿಗೇ ಕುಳಿತ. ಮೈ ತುಂಬಿಕೊಂಡಿದ್ದ, ರೇಷ್ಮೆಯ ಶಲ್ಯ ಹೊದ್ದಿದ್ದ. ಪಕ್ಕದವರಿಗೆ ನನ್ನನ್ನು ತೋರಿಸಿ, "ಇವ್ರು ಭಾಳ ಶಾಣ್ಯಾ ಡಾಕ್ಟರು. ಸಿಟ್ಟಽ ಒಂದು ಇವರನ್ನ ಹಾಳು ಮಾಡ್ತು ನೋಡ್ರಿ," ಎಂದು ನಕ್ಕ.

ನಾನು ಕೈಯಲ್ಲಿದ್ದ ತುತ್ತನ್ನು ಎಲೆಯ ಮೇಲೆ ಹಾಕಿ, ಇಡೀ ಪಂಕ್ತಿಗೆ ಕೇಳುವಂತೆ ಹೇಳಿದೆ. ಬರ್ಫ, ಗ್ಲಾಸು, ನಲ್ಲಿಯ ನೀರು, ಒಂದೇ ಸೂಜಿ, ಆ ಕುದುರೆಯ ಕುತ್ತಿಗೆ, ಅದರೊಳಗಿನ ಕೀವು. ಯಾವುದನ್ನೂ ಬಿಡಲಿಲ್ಲ. ಬಡಿಸುವವರು ನಿಂತಲ್ಲೇ ನಿಂತರು. ಒಬ್ಬಿಬ್ಬರು ಎಲೆ ಬಿಟ್ಟೆದ್ದರು. ಮದುಮಗಳ ಸೋದರಮಾವ ಬಂದು ನನ್ನ ರಟ್ಟೆ ಹಿಡಿದು, ಇದು ಮಂಗಳಕಾರ್ಯ ಎಂದು ಬೇಡಿಕೊಳ್ಳುತ್ತ ಹೊರಗೆ ಕರೆದೊಯ್ದ.

ಕೈ ತೊಳೆಯುವಲ್ಲಿಂದ ತಿರುಗಿ ನೋಡಿದೆ. ಮ್ಯಾನೇಜರ ತಲೆ ತಗ್ಗಿಸಿರಲಿಲ್ಲ. ಬಡಿಸುವವನನ್ನು ಕರೆದು ಎರಡನೆಯ ಸಲ ಶ್ರೀಖಂಡ ಹಾಕಿಸಿಕೊಳ್ಳುತ್ತಿದ್ದ.