ರಾಣಿಗೆ ನಡಿಗೆ ಕಲಿಸಿದಾಕಿ

ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಾಗಲೂ ಆಕೆಯ ಬಲಗಾಲಿನ ಹೆಬ್ಬೆರಳು ಸುಮ್ಮನಿರುತ್ತಿರಲಿಲ್ಲ. ಏಳುತ್ತಿತ್ತು, ಬೀಳುತ್ತಿತ್ತು, ಒಮ್ಮೊಮ್ಮೆ ನಡುವೆಯೇ ತಡೆದು ನಿಲ್ಲುತ್ತಿತ್ತು. ಹಾಗೆ ನಿಂತಿತೆಂದರೆ ಹೊಸ ಹೆಜ್ಜೆಯೊಂದು ಆಕೆಯ ತಲೆಯಲ್ಲಿ ಸಿಕ್ಕಿಕೊಂಡಿದೆ ಎಂದೇ ಅರ್ಥ.

ಅಫಜಲಪುರದ ಕಡೆಯ ನಮ್ಮೂರಲ್ಲಿ ಆಕೆಗೆ ‘ಮಾಸ್ತರನ ಹೇಣ್ತಿ’ ಎನ್ನುತ್ತಿದ್ದರು. ನಾನು ಆಯಿ ಎನ್ನುತ್ತಿದ್ದೆ. ಗಂಡ ಬಯಲಾಟ ಕಲಿಸುವ ಮಾಸ್ತರ. ಹಾಡು, ಮಾತು ಅವನವು. ಕುಣಿತ ಕಟ್ಟುತ್ತಿದ್ದವಳು ಈಕೆ. ಅಡುಗೆಮನೆಯಲ್ಲಿ ಈಕೆ ಹಾಕಿ ತೋರಿಸಿದ ಹೆಜ್ಜೆಯನ್ನು ಅವನು ತಾಲೀಮಿಗೆ ಒಯ್ಯುತ್ತಿದ್ದ. ಊರಿಗೆಲ್ಲ ಗೊತ್ತಿದ್ದ ಸಂಗತಿ. ಯಾರೂ ಬಾಯಿ ಬಿಡುತ್ತಿರಲಿಲ್ಲ.

ಒಂದು ವರ್ಷ ಆಟ ಅರ್ಧ ಕಲಿತಿರುವಾಗ ಮಾಸ್ತರ ತೀರಿಕೊಂಡ. ಆಯಿ ತಾನೇ ತಾಲೀಮಿನ ಮನೆಗೆ ಬಂದು ನಿಂತಳು. ಗಂಡಸರು ಮುಖ ಮುಖ ನೋಡಿಕೊಂಡರು. ಆಗ ಹೆಣ್ಣುವೇಷವನ್ನೂ ಅವರೇ ಹಾಕುತ್ತಿದ್ದರು. ರಾಣಿಯ ಪಾತ್ರ ನಮ್ಮಪ್ಪನದು.

“ಲೇ, ರಾಣಿ ಹೊಂಟಾಳೋ, ಎತ್ತು ಹೊಂಟೈತೋ?” ಎಂದವಳೇ ಅಪ್ಪನ ತಲೆಯ ಮೇಲೆ ತುಂಬಿದ ಕೊಡ ಇಟ್ಟಳು. “ಹನಿ ಚೆಲ್ಲದಂಗ ನಡಿ. ಸೊಂಟಾ ತಾನ ಮಾತ ಕೇಳತೈತಿ.”

ಅಪ್ಪ ತೊಯ್ದು ತೊಪ್ಪೆಯಾಗಿ ಮನೆಗೆ ಬಂದ. “ನೀರ ಹೊರೂದು ಕಲತ್ರಿ, ಛಲೋ ಆತು. ನಾಳಿಂದ ಹೊಳಿಗೆ ನೀವ ಹೋಗ್ರಿ,” ಎಂದಳು ಅವ್ವ.

ಆಟ ಮುಗಿದು ಮಂಗಳಾರತಿಯಾಗುವಾಗ, ಕಲಿಸಿದವರ ತಲೆಗೆ ಗೌಡರು ಎಲ್ಲರೆದುರು ರುಮಾಲು ಸುತ್ತುವುದು ನಮ್ಮ ಕಡೆಯ ಪದ್ಧತಿ. ಅಂದು ಬೆಳಕು ಹರಿದಿತ್ತು. ಗೌಡರು ರುಮಾಲು ಹಿಡಿದು ಹಾರ್ಮೋನಿಯಂ ಪೇಟಿ ಬಾರಿಸುವವನನ್ನು ಕರೆದರು.

“ಗೌಡ್ರ, ಕಲಿಸಿದಾಕಿ ನಾ ಇಲ್ಲೇ ನಿಂತೇನ್ರಿ,” ಎಂದಳು ಆಯಿ.

“ಹೆಣ್ಮಗಳ ತಲಿಗೆ ರುಮಾಲ ಸುತ್ತೂದು ಎಲ್ಲ್ಯರ ಐತೇನಬೇ?”

“ಹಂಗಾದ್ರ ಉಡಿ ತುಂಬಸ್ರಿ.”

“ಗಂಡ ಸತ್ತಾಕಿಗೆ ಉಡಿ ತುಂಬತಾರೇನು!” ಹೆಂಗಸರ ನಡುವಿನಿಂದಲೇ ಬಂತು ಆ ದನಿ.

ಆಯಿ ಇನ್ನೂ ಸೀರೆಯಲ್ಲೇ ಇದ್ದ ಅಪ್ಪನತ್ತ ಕೈ ಮಾಡಿದಳು. ಆಟದಲ್ಲಿ ರಾಣಿಯ ಮದುವೆಯಾದಾಗ ಅದೇ ಹೆಂಗಸರು ಅವನ ಉಡಿಗೆ ಅಕ್ಕಿ, ಕೊಬ್ಬರಿ ಹಾಕಿದ್ದರು.

“ಇವನ ಗಡ್ಡಾ ಆಗಲೇ ಚಿಗತೈತಿ. ಇವಗ ಉಡಿ ತುಂಬಿದ್ರಿ. ನನಗ ಎರಡರಾಗ ಒಂದೂ ಇಲ್ಲೇನ್ರಿ?”

ಜನ ನಕ್ಕರು. ರುಮಾಲು ಪೇಟಿಯವನ ತಲೆಗೇ ಹೋಯಿತು. ಅವನಿಗೂ ಮನಸ್ಸು ಚುಚ್ಚಿರಬೇಕು, ಮಧ್ಯಾಹ್ನ ಅದನ್ನು ಮಡಚಿ ಆಕೆಯ ಮನೆಗೆ ತಂದ. “ಒಯ್ಯಪಾ. ನನಗ ಉಟ್ಟುಕೊಳ್ಳಾಕ ಅರಿವಿ ಕಡಿಮಿಲ್ಲ. ಅದು ಮಂದಿ ಮುಂದ ನನ್ನ ತಲಿಗೆ ಬರೂದಿತ್ತು, ಬರಲಿಲ್ಲ,” ಎಂದು ಕಳಿಸಿಬಿಟ್ಟಳು.

ಮರುವರ್ಷ ಊರವರು ಬೇರೆ ಮಾಸ್ತರನನ್ನು ಕರೆಸಿದರು. ಕಾಲವೂ ಬದಲಾಗುತ್ತಿತ್ತು. ನಾಟಕ ಕಂಪನಿಗಳು ಬಂದವು, ಹೆಣ್ಣುಪಾತ್ರಕ್ಕೆ ಹೆಣ್ಣುಮಕ್ಕಳೇ ಬಂದರು, ಸಿನಿಮಾದ ಧಾಟಿ ಬಂತು. ಆಳಂದದಲ್ಲಿ ಡೇರೆ ಹಾಕಿದ್ದ ಕಂಪನಿಯ ಮಾಲೀಕ ನಟಿಯರಿಗೆ ಕುಣಿತ ಕಲಿಸಲು ಆಯಿಯನ್ನು ಕರೆದ. ಇಲ್ಲಾದರೂ ಹೆಸರು ಹೇಳಿಯಾರು ಎಂದು ಹಿಗ್ಗಿ ಹೋದಳು. ಪರದೆ ಏಳುವ ಮೊದಲು, ಕುಣಿತ ಕಲಿಸಿದವರು ಎಂದು ಕೂಗಿದ್ದು ಮಾಲೀಕನ ಹೆಸರನ್ನು. ತಿರುಗಿ ಬಂದವಳು ಅವ್ವನೆದುರು ಇಷ್ಟೇ ಹೇಳಿದಳು: “ಅವರಿಗೆ ನಮ್ಮ ಕಾಲು ಬೇಕವ್ವಾ, ನಾವು ಬ್ಯಾಡ.”

ಆಗ ನಮ್ಮ ಕಡೆ ಸರಕಾರದ ಓದೆಲ್ಲ ಉರ್ದುವಿನಲ್ಲೇ; ನಾನು ಸೋದರಮಾವನ ಮನೆಯಲ್ಲಿದ್ದು ಆಳಂದದ ಉರ್ದು ಸಾಲೆ ಮುಗಿಸಿದೆ. ಮುಂದೆ ಕಲಬುರ್ಗಿಗೆ ಕಳಿಸಲು ಅಪ್ಪ ಹಿಂದೆಮುಂದೆ ನೋಡಿದ. ಆಯಿ ಬಂದು ನಮ್ಮ ಕಟ್ಟೆಯ ಮೇಲೆ ಕೂತಳು.

“ನಿನ್ನ ರಾಣಿ ಮಾಡಿದಾಕಿ ಹೇಳಾಕತ್ತೇನಿ. ಹುಡುಗೀನ ಕಳಸು.”

“ಓದಿ ಏನ ಮಾಡೂದೈತಬೇ ಈಕಿ?”

“ನಾ ಕಲತದ್ದಕ್ಕ ಸಾಕ್ಷಿ ಇಲ್ಲೋ. ಈಕಿಗೆ ಪರೀಕ್ಷಾದವರು ಕಾಗದ ಕೊಡತಾರ. ಅದರಾಗಿನ ಹೆಸರ ತಗದು ಪೇಟಿಯವಗ ಕೊಡಾಕ ಬರೂದಿಲ್ಲ.”

ಅಪ್ಪ ಕಳಿಸಿದ. ಕಲಬುರ್ಗಿಯಲ್ಲಿ, ಆಮೇಲೆ ಹೈದರಾಬಾದಿನಲ್ಲಿ, ಪರರ ಮನೆಯಲ್ಲಿ ರೊಟ್ಟಿ ಬಡಿದು ಓದಿದೆ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ಅಷ್ಟರಲ್ಲಿ ಆಯಿ ತೀರಿಕೊಂಡಿದ್ದಳು.

ಪದವಿ ಕೊಡುವ ದಿನ ಆ ದೊಡ್ಡ ಸಭೆಯಲ್ಲಿ, ಅಷ್ಟೊಂದು ಗಂಡಸರ ಎದುರು, ನನ್ನ ಹೆಸರು ಕೂಗಿದರು. ನಾನು ಏಳಲಿಲ್ಲ. ಆಯಿಯ ಪಾಲಿಗೂ ಇನ್ನೊಮ್ಮೆ ಕೂಗಲಿ ಎಂದು ಕಿವಿಗೊಟ್ಟು ಕೂತೆ. ಪಕ್ಕದಲ್ಲಿದ್ದ ರಾಯಚೂರಿನ ಗೆಳತಿ ಮೊಣಕೈಯಿಂದ ತಿವಿದಳು.

“ಏಳಬೇ, ನಿನ್ನನ್ನ ಕರಿಯಾಕತ್ತಾರ.”