ಒಂದೇ ಹಾಳೆಯ ಎರಡು ಮಗ್ಗುಲು

ರಾಯದುರ್ಗದಲ್ಲಿ ನಮ್ಮ ಪಕ್ಕದ ಮನೆಯವರು ಮದ್ರಾಸಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ಊರಿನ ವೀರಶೈವ ಸಮಾಜಕ್ಕೂ ಅವರೇ ಯಜಮಾನರು. "ನಕಲು ನಂಬಬ್ಯಾಡವ್ವ" ಎನ್ನುವುದು ಅವರ ಮಾತು. ಕಾಯಿಲೆ ಬಿದ್ದ ಮೇಲೆ ತಮ್ಮ ಕಾಗದಗಳನ್ನು ವಿಂಗಡಿಸಲು ನನ್ನನ್ನು ಕರೆದರು. ಮಣ್ಣಿನ ಪರೀಕ್ಷೆಯವು ಬಿಳಿ ಬಟ್ಟೆಯಲ್ಲಿ ಕಾಲೇಜಿಗೆ, ಸಮಾಜದ ತೀರ್ಪುಗಳು ಕಾವಿ ಬಟ್ಟೆಯಲ್ಲಿ ಮಠಕ್ಕೆ. ಕಟ್ಟಿದ ಗಂಟನ್ನು ಬಿಚ್ಚುತ್ತ, ಮತ್ತೆ ಕಟ್ಟುತ್ತ, ಅವರು ಕೂತಲ್ಲಿ ಕೂರುತ್ತಿರಲಿಲ್ಲ.

ಒಂದು ಹಾಳೆ ಮಾತ್ರ ಎರಡಕ್ಕೂ ಸೇರಿತ್ತು. ಹಿಂದೆ ಗುಮ್ಮಘಟ್ಟದ ಹೊಲದಲ್ಲಿ ಮಣ್ಣು ಪರೀಕ್ಷಿಸುತ್ತಿದ್ದಾಗ, ಕೈಯಲ್ಲಿ ಬೇರೆ ಕಾಗದವಿಲ್ಲದೆ, ವಿಧವೆಯೊಬ್ಬಳ ಮರುಮದುವೆಗೆ ಸಮಾಜದ ಒಪ್ಪಿಗೆಯನ್ನು ಮಣ್ಣಿನ ಅಂಕಿಗಳಿದ್ದ ಅದೇ ಹಾಳೆಯ ಬೆನ್ನಿಗೆ ಬರೆದು ರುಜು ಹಾಕಿದ್ದರು.

ಆ ಹಾಳೆಯನ್ನು ಅವರು ಕಾಲೇಜಿನ ಗಂಟಿಗೆ ಸೇರಿಸಿದ ಸುದ್ದಿ ತಿಳಿದು ಆಕೆಯೇ ಬಂದು ಬಾಗಿಲಲ್ಲಿ ನಿಂತಳು. "ಯಜಮಾನ್ರ, ನನ್ನ ಕಾಗದ ಮದ್ರಾಸಿಗಿ ಹೋದ್ರ, ನಾಳೆ ನನ್ನ ಮಗಳನ್ನ ಕೇಳಾಕ ಯಾರು ಬರ್ತಾರ್ರಿ?"

"ಮಠಕ್ಕ ನಕಲು ಕೊಡ್ತೀನಲ್ಲವ್ವ."

"ನಕಲು ನಂಬಬ್ಯಾಡ್ರಿ ಅಂತ ಮಠದಾಗ ಕುಂತು ಹೇಳಿದವರು ಯಾರ್ರಿ?"

ಅವರು ಹಾಳೆಯನ್ನು ಬಹಳ ಹೊತ್ತು ಆ ಮಗ್ಗುಲು ಈ ಮಗ್ಗುಲು ತಿರುಗಿಸಿದರು. ಕೊನೆಗೆ ನನ್ನ ಮುಂದಿಟ್ಟು, "ಮಣ್ಣಿಂದು ನಕಲು ಮಾಡವ್ವ," ಎಂದರು.

ನಾನು ಬರೆದು ಮುಗಿಸಿದಾಗ ಪ್ರತಿ ಅಂಕಿಯನ್ನೂ ತಾಳೆ ನೋಡಿದರು. ಮೂಲವನ್ನು ಕಾವಿ ಗಂಟಿಗೆ ಸೇರಿಸಿದರು. ನನ್ನ ಹಾಳೆಯ ನೆತ್ತಿಯ ಮೇಲೆ ತಾವೇ ದೊಡ್ಡ ಅಕ್ಷರದಲ್ಲಿ 'ನಕಲು' ಎಂದು ಬರೆದು, ಬಿಳಿ ಗಂಟು ಕಟ್ಟಿದರು.